ತೋರಿಸಿ ಕೆಟ್ಟ ಮೇವು

ಮೊದಲೇ ಬೆಲೆ ಹೇಳಿಬಿಡುತ್ತೇನೆ, ಸುತ್ತಿ ಬಳಸುವುದು ಬೇಡ. ಕಳೆದ ಬೇಸಿಗೆಯಲ್ಲಿ ನನಗೆ ಒಂದು ಗುಂಡಿ ರಸಮೇವಿನಲ್ಲಿ ಅರ್ಧ ಹೋಯಿತು. ಅದರ ಹಿಂದೆಯೇ ಅರಕಲಗೂಡು, ಚನ್ನರಾಯಪಟ್ಟಣದ ಕಡೆ ನಾನು ಮಾತು ಕೊಟ್ಟಿದ್ದ ಗಿರಾಕಿಗಳೂ ಹೋದರು. ಮಳೆ ಕೈಕೊಟ್ಟಿತು ಅಂತಲ್ಲ, ಯಾರೋ ಮೋಸ ಮಾಡಿದರು ಅಂತಲೂ ಅಲ್ಲ. ಕೊಳ್ಳಲು ಬಂದವರಿಗೆ ಮಾಲು ಬಿಚ್ಚಿ ತೋರಿಸಿದೆ, ಅಷ್ಟಕ್ಕೆ ಹೋಯಿತು. ವ್ಯಾಪಾರದಲ್ಲಿ ಇದಕ್ಕಿಂತ ನೇರವಾದ ಕೆಲಸ ಇನ್ನೇನಿದೆ ಹೇಳಿ? ಅದಕ್ಕೇ ನನ್ನ ದಿಗಿಲು ಇನ್ನೂ ಪೂರ್ತಿ ಇಳಿದಿಲ್ಲ.

ರಸಮೇವು ಗೊತ್ತಿಲ್ಲದವರಿಗೆ ಒಂದು ಮಾತು. ಮುಸುಕಿನ ಜೋಳದ ಕಾಳು ಹಾಲು ಕಳೆದು ಗಟ್ಟಿಯಾಗುವ ಹೊತ್ತಿಗೆ ದಂಟನ್ನು ತೆನೆ ಸಮೇತ ಕೊಯ್ದು, ಬೆರಳಗಲ ಕೊಚ್ಚಿ, ಗುಂಡಿಗೆ ಸುರಿದು, ಮೇಲೆ ಟ್ರ್ಯಾಕ್ಟರ್ ಹತ್ತಿಸಿ ತುಳಿಸುತ್ತೇವೆ. ಆಮೇಲೆ ದಪ್ಪ ಪ್ಲಾಸ್ಟಿಕ್ ಹೊದಿಸಿ, ಹಳೇ ಟೈರು, ಮಣ್ಣು ಹೇರಿ ಬಿಡುವುದು. ಒಂದೂವರೆ ತಿಂಗಳಲ್ಲಿ ಹುಳಿ ಬಂದು ಹದವಾಗುತ್ತದೆ. ಹಸುವಿನ ಉಪ್ಪಿನಕಾಯಿ ಅಂತ ನಾನು ಗಿರಾಕಿಗಳಿಗೆ ಹೇಳುವುದು. ಹಸಿರು ಮೇವಿಲ್ಲದ ಬೇಸಿಗೆಯಲ್ಲಿ ಹಾಲು ನಿಲ್ಲದಂತೆ ಕಾಯುವುದು ಅದೇ.

ಆ ಗುಂಡಿ ಇದ್ದದ್ದು ಹಳ್ಳಿಮೈಸೂರು ಹೋಬಳಿಯ ಒಂದು ಊರಲ್ಲಿ, ಆರು ಹಸು ಕಟ್ಟಿದ್ದ ಒಬ್ಬ ಹಿರಿಯ ಹೆಂಗಸಿನ ಕೊಟ್ಟಿಗೆ ಪಕ್ಕ. ನಾನು ಅವರನ್ನು ದೊಡ್ಡವ್ವ ಅನ್ನುತ್ತಿದ್ದೆ. ಆರರಲ್ಲಿ ಎರಡು ಗಬ್ಬದ ಹಸು. ದೊಡ್ಡವ್ವ ಚೌಕಾಸಿಯಲ್ಲಿ ನನಗೆ ಕಮ್ಮಿಯಿಲ್ಲ. ಜಗಲಿ ಮೇಲೆ ಕೂರಿಸಿ, ಕಾಫಿ ಕೊಟ್ಟು, ಕಾಫಿ ಮುಗಿಯುವುದರೊಳಗೆ ವ್ಯವಹಾರ ಮುಗಿಸಿದ್ದರು.

"ನೋಡವ್ವ, ಜ್ವಾಳ ನಂದು, ಜಾಗ ನಂದು. ಕೊಚ್ಚದು, ತುಳ್ಸದು, ಮುಚ್ಚದು ನಿಂದು. ಮೇವ್ನಲ್ಲಿ ಅರ್ಧ ಅರ್ಧ. ಕೊಟ್ಗೆ ಕಡೇದು ನಂಗೆ, ರಸ್ತೆ ಕಡೇದು ನಿಂಗೆ. ಲಾರಿ ಬಂದು ನಿನ್ನ ಪಾಲು ತುಂಬ್ಕೊಂಡ್ ಓಗ್ಲಿ, ನನ್ನ ಬಾಗ್ಲಿಗೆ ಬರದು ಬ್ಯಾಡ."

ಅವರ ಹೊಲದ ಜೋಳವೆಲ್ಲ ಆ ಗುಂಡಿಯಲ್ಲೇ ಇತ್ತು. ಕಾಳು ಬಿಡಿಸಿ ಮಾರಲಿಲ್ಲ, ಒಣ ದಂಟು ಕೂಡ ಎತ್ತಿಡಲಿಲ್ಲ. ಮುಂಗಾರಿನ ಹಸಿರು ಬರುವವರೆಗೆ ಆ ಆರು ಬಾಯಿಗೆ ಬೇರೆ ದಾರಿ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಶಿವರಾತ್ರಿ ಕಳೆದ ಮೇಲೆ ನಾನು ಮಾರಾಟಕ್ಕೆ ಇಳಿದೆ. ಮೊದಲು ಬಂದವನು ಚನ್ನರಾಯಪಟ್ಟಣದ ಒಬ್ಬ ಮೇವಿನ ದಲ್ಲಾಳಿ. ರಸ್ತೆ ಕಡೆ ಹೊದಿಕೆ ಎತ್ತಿ ಒಂದು ಹಿಡಿ ತೋರಿಸಿದೆ. ಅವನು ಮೂಸಿಯೂ ನೋಡಲಿಲ್ಲ.

"ಅಕ್ಕೋ, ರಸ್ತೆ ಕಡೆ ಯಾರ್ ಬೇಕಾದ್ರೂ ಚೆಂದಾಗ್ ತುಂಬ್ತಾರೆ. ಬೋರ್ಡು ಬರ್ದಂಗೆ. ನಂಗೆ ಆ ಕೊಟ್ಗೆ ಕಡೇದು ತೋರ್ಸು. ಅದು ಚೆನ್ನಾಗಿದ್ರೆ ಇದೂ ಚೆನ್ನಾಗೈತೆ ಅಂತ ಲೆಕ್ಕ."

ನನಗೆ ಮಾತು ಹಿಡಿಸಿತು. ನಾನೂ ಹಾಸನದ ಆಲೂಗೆಡ್ಡೆ ವ್ಯಾಪಾರದಲ್ಲಿ ಪಳಗಿದವಳು. ಅಲ್ಲಿ ಚೀಲದ ಬಾಯಿ ನೋಡಿ ಯಾರೂ ಕೊಳ್ಳುವುದಿಲ್ಲ, ಬುಡ ಸುರಿಸಿ ನೋಡುತ್ತಾರೆ. ಸುರಿಸಲು ಹಿಂದೆ ಮುಂದೆ ನೋಡಿದವನ ಮಾಲಿಗೆ ಬೆಲೆ ಇಳಿಯುತ್ತದೆ. ದೊಡ್ಡವ್ವನ ಕಡೆ ಪ್ಲಾಸ್ಟಿಕ್ಕಿಗೆ ಕುಡುಗೋಲಲ್ಲಿ ಒಂದು ಕಿಟಕಿ ಕೊಯ್ದು, ಮೊಳದುದ್ದ ಕೈ ಹಾಕಿ, ಒಳಗಿನದನ್ನು ಎಳೆದು ಕೊಟ್ಟೆ. ಹೊಂಬಣ್ಣದ ಮೇವು, ಹುಳಿ ಬೆರೆತ ಸಿಹಿ ವಾಸನೆ. ದಲ್ಲಾಳಿ ತಲೆಯಾಡಿಸಿದ. ಕಿಟಕಿಗೆ ಟೇಪು ಅಂಟಿಸಿ ಮುಚ್ಚಿದೆ.

ಆಮೇಲೆ ಅದೇ ನನ್ನ ಪದ್ಧತಿಯಾಯಿತು. ಅರಕಲಗೂಡಿನವರು ಬಂದರು, ಮಲ್ಲಿಪಟ್ಟಣದವರು ಬಂದರು, ಸಾಲಗಾಮೆ ಕಡೆಯಿಂದ ಇಬ್ಬರು ಬೈಕಿನಲ್ಲಿ ಬಂದರು. "ಎಲ್ಲಿ ಬೇಕೋ ಅಲ್ಲಿ ನೀವೇ ಬೆರಳು ತೋರಿಸಿ, ಅಲ್ಲೇ ಕೊಯ್ತೀನಿ" ಅಂತ ಎದೆಯುಬ್ಬಿಸಿ ಹೇಳುತ್ತಿದ್ದೆ. ಎಲ್ಲರೂ ಬೆರಳು ತೋರಿಸಿದ್ದು ಕೊಟ್ಟಿಗೆ ಕಡೆಗೇ. ನನ್ನ ಪಾಲಿನ ಮೇಲೆ ಒಂದು ಗೀರೂ ಬೀಳಲಿಲ್ಲ. ದೊಡ್ಡವ್ವನ ಪಾಲಿನ ಹೊದಿಕೆ ಮಾತ್ರ ತೇಪೆ ಹಾಕಿದ ಕೌದಿಯಂತಾಯಿತು. ಬಿಸಿಲಿಗೆ ಟೇಪು ಸುರುಳಿ ಸುತ್ತಿ ಮೇಲೆದ್ದಿತ್ತು. ಕಂಡೆ. ಕಂಡೂ, ಬೆರಳಷ್ಟು ಸಂದಿ ಏನು ಮಾಡೀತು ಅಂದುಕೊಂಡೆ.

ಮೊದಲು ಗೊತ್ತಾದದ್ದು ಹಸುಗಳಿಗೆ. ಒಂದು ಬೆಳಗ್ಗೆ ದೊಡ್ಡವ್ವ ಫೋನು ಮಾಡಿದರು.

"ಅಸಗಳು ಮೂಗ್ ಇಟ್ಟು ಮುಖ ತಿರುಗುಸ್ತವೆ ಕಣವ್ವ. ಆ ಗಬ್ಬದ ಕೆಂದ ಅಂತೂ ಗ್ವಾದಲಿ ಕಡೆ ತಿರುಗೇ ನೋಡಲ್ಲ."

ನಾನು ತಮ್ಮನನ್ನು ಕರೆದುಕೊಂಡು ಹೋದೆ. ನನ್ನ ಟ್ರ್ಯಾಕ್ಟರ್ ಓಡಿಸುವವನು ಅವನೇ. ಯಾವ ಕಿಟಕಿಯಲ್ಲಿ ಮೊದಲು ತೋರಿಸಿದ್ದೆನೋ ಅದರೊಳಗೇ ಕೈ ತೂರಿಸಿದೆ, ಹಾಗೇ ಕಿತ್ತುಕೊಂಡೆ. ಒಲೆಯ ಮೇಲಿಟ್ಟ ಪಾತ್ರೆಗೆ ಕೈ ತಗುಲಿದ ಹಾಗಿತ್ತು. ಬೆಂಕಿ ಇಲ್ಲ, ಹೊಗೆ ಇಲ್ಲ, ಗೋಡೆಯ ನೆರಳಲ್ಲಿ ಹೂತಿಟ್ಟ ಒದ್ದೆ ಸೊಪ್ಪು ಅದು. ಅದಕ್ಕೆ ಜ್ವರ ಬಂದಿತ್ತು.

ತಮ್ಮನೂ ಕೈ ಹಾಕಿ ನೋಡಿದ.

"ಹುಲ್ಲಿನ ಬಣವೆ ಹಸಿ ಇದ್ದು ಕಾದ್ರೆ ಏನ್ ಮಾಡ್ತೀವಕ್ಕ? ಬಿಚ್ಚಿ ಹರಡ್ತೀವಿ. ಗಾಳಿ ಆಡ್ಲಿ. ಇದೂ ಅಷ್ಟೇ," ಅಂದ.

ದೊಡ್ಡವ್ವನಿಗೂ ಅದೇ ಸರಿ ಕಂಡಿತು, ನನಗೂ. ನಮ್ಮ ಕಡೆ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ಕೊಟ್ಟಿಗೆ ಕಡೆಯ ಹೊದಿಕೆ ಪೂರ್ತಿ ಎಳೆದೆವು. ಗುದ್ದಲಿ, ಮುಳ್ಳುಗೋಲು ಹಿಡಿದು ಮೇಲಿನ ಪದರ ಕೆದಕಿ ಸಡಿಲ ಮಾಡಿದೆವು. ಸಂಜೆಗೆ ಕೈಯಿಟ್ಟರೆ ಮೇಲೆಲ್ಲ ತಣ್ಣಗಿತ್ತು. ಸಮಾಧಾನವಾಗಿ ಮನೆಗೆ ಹೋದೆ.

ಮಾರನೆಯ ಬೆಳಗ್ಗೆ ಹೋಗಿ ನೋಡಿದರೆ ಗುಂಡಿಯಿಂದ ಆವಿ ಏಳುತ್ತಿತ್ತು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಬರುತ್ತದಲ್ಲ, ಹಾಗೆ ದಟ್ಟವಾಗಿ. ಹಿಂದಿನ ದಿನ ಬರೀ ಕಿಟಕಿಗಳ ಸುತ್ತ ಇದ್ದ ಬಿಸಿ ಈಗ ಕೆದಕಿದಷ್ಟೂ ಜಾಗಕ್ಕೆ ಹರಡಿತ್ತು. ಮೇವಿನ ಮಟ್ಟ ಕುಸಿದು, ಮಧ್ಯೆ ತಗ್ಗಾಗಿತ್ತು. ಯಾರೂ ಹೊತ್ತುಕೊಂಡು ಹೋಗಿಲ್ಲ, ಹಸು ತಿಂದಿಲ್ಲ, ಆದರೂ ಮಾಲು ಕಮ್ಮಿಯಾಗಿತ್ತು. ಕಳ್ಳರನ್ನು ಕಂಡಿದ್ದೇನೆ, ತೂಕದಲ್ಲಿ ಹೊಡೆಯುವವರನ್ನು ಕಂಡಿದ್ದೇನೆ. ಕಣ್ಣೆದುರು ಇಲ್ಲವಾಗುವ ಮಾಲನ್ನು ಕಂಡಿರಲಿಲ್ಲ.

ಹಾಸನದಲ್ಲಿ ಪಶು ಆಹಾರದ ಪಾಠ ಹೇಳುವ ಒಬ್ಬ ಡಾಕ್ಟರು ನನ್ನ ಹಳೇ ಗಿರಾಕಿ. ಕಾರಿನ ಡಿಕ್ಕಿಯಲ್ಲೇ ಮೇವು ಒಯ್ಯುವ ಆಸಾಮಿ. ಫೋನು ಮಾಡಿದೆ. ಅವರು ಒಂದು ಮಾತು ಮಾತ್ರ ಹೇಳಿದರು: "ಮೊದ್ಲು ಮುಚ್ಚಿ. ನಾನು ಬರ್ತೀನಿ."

ಬಂದವರು ಉದ್ದನೆಯ ಕಡ್ಡಿ ಥರ್ಮಾಮೀಟರ್ ಅಲ್ಲಲ್ಲಿ ಚುಚ್ಚಿದರು, ಮೇವು ಹಿಂಡಿ ಬಣ್ಣದ ಕಾಗದ ಅದ್ದಿದರು.

"ಇದನ್ನ ಯಾರು ಬಿಚ್ಚಿ ಹರಡಿದ್ದು?"

"ನಾವೇ ಸಾ. ಬಿಸಿ ಆರ್ಲಿ ಅಂತ."

"ಒಲೆಗೆ ಊದುಕೊಳವೆ ಹಿಡಿದ್ರೆ ಆರುತ್ತೇನ್ರೀ?"

ಅವರು ಟೈರಿನ ಮೇಲೆ ಕೂತು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಮೇವಿನಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಲೆಕ್ಕವಿಲ್ಲದಷ್ಟು ಇರುತ್ತವೆ. ಅವಕ್ಕೂ ಬದುಕಲು ಶಕ್ತಿ ಬೇಕು. ಹುಳಿ ಬರಿಸುವ ಜಾತಿಯವು ಸಕ್ಕರೆಯ ಕಣವನ್ನು ಒಡೆದು, ಅದರಿಂದ ಎಲೆಕ್ಟ್ರಾನು ಕಿತ್ತು, ಆ ಕೆಲಸದಲ್ಲಿ ಸಿಕ್ಕ ಶಕ್ತಿಯನ್ನು ಎಟಿಪಿ ಅನ್ನುವ ಚಿಲ್ಲರೆ ಮಾಡಿ ಇಟ್ಟುಕೊಳ್ಳುತ್ತವೆ. ಆ ಚಿಲ್ಲರೆಯಲ್ಲೇ ಅವುಗಳ ಜೀವನವೆಲ್ಲ. ಆದರೆ ಕಿತ್ತ ಎಲೆಕ್ಟ್ರಾನನ್ನು ಕೈಯಲ್ಲಿ ಹಿಡಿದುಕೊಂಡೇ ಇರಲು ಆಗುವುದಿಲ್ಲ. ಯಾರಿಗಾದರೂ ದಾಟಿಸಲೇಬೇಕು.

"ಹೊದಿಕೆ ಒಳಗೆ ಗಾಳಿ ಇಲ್ಲ, ತಗೊಳ್ಳೋಕೆ ಯಾರೂ ಇಲ್ಲ," ಅಂದರು ಡಾಕ್ಟರು. "ಅದಕ್ಕೆ ಒಡೆದ ಚೂರಿಗೇ ವಾಪಸ್ ಅಂಟಿಸಿ ಕೈ ತೊಳ್ಕೊಳ್ತವೆ. ಆ ಚೂರೇ ಲ್ಯಾಕ್ಟಿಕ್ ಆಮ್ಲ. ನಿಮ್ಮ ಹುಳಿ."

"ಅಂದ್ರೆ ಮಂಡೀಲಿ ಇಳಿಸ್ಕೊಳ್ಳೋರಿಲ್ದೆ ಬಂದ ಗಾಡೀಲೇ ಮಾಲು ವಾಪಸ್ ತುಂಬಿ ಕಳ್ಸಿದಂಗೆ," ಅಂದೆ.

"ಅಷ್ಟೇ. ಹಂಗೆ ಮಾಡಿದ್ರೆ ಲಾಭ ಎಷ್ಟು? ಒಂದು ಸಕ್ಕರೆ ಕಣಕ್ಕೆ ಎರಡೇ ಎರಡು ಚಿಲ್ಲರೆ. ಉಳಿದ ಶಕ್ತಿಯೆಲ್ಲ ಹುಳಿಯೊಳಗೇ ಭದ್ರ. ಅದನ್ನೇ ಹಸು ತಿಂದು ಹಾಲು ಮಾಡೋದು. ಹುಳಿ ಜಾಸ್ತಿ ಆದಂಗೆ ತಮ್ಮ ಹುಳಿಗೆ ತಾವೇ ಸುಸ್ತಾಗಿ ಕೂತುಬಿಡ್ತವೆ. ಮೇವು ತಣ್ಣಗೆ ನಿಲ್ಲುತ್ತೆ."

"ಗಾಳಿ ಬಿದ್ರೆ?"

"ಬೇರೆಯವರು ಏಳ್ತಾರೆ. ಯೀಸ್ಟು, ಗಾಳಿ ಬೇಕು ಅನ್ನೋ ಬ್ಯಾಕ್ಟೀರಿಯಾ. ಈಗ ಎಲೆಕ್ಟ್ರಾನ್ ತಗೊಳ್ಳೋಕೆ ಆಮ್ಲಜನಕ ಬಾಗಿಲಲ್ಲೇ ನಿಂತಿದೆ. ಸಕ್ಕರೆ, ಹುಳಿ ಎರಡನ್ನೂ ಕೊನೇವರೆಗೂ ಉರಿಸ್ತಾರೆ. ಅದೇ ಸಕ್ಕರೆ ಕಣಕ್ಕೆ ಮೂವತ್ತರ ಹತ್ತಿರ ಚಿಲ್ಲರೆ. ಲಾಭ ಜಾಸ್ತಿ ಅಂದ್ಮೇಲೆ ಸಂಸಾರ ಬೆಳೀತದೆ. ಕೊನೆಗೆ ಉಳಿಯೋದು ಇಂಗಾಲದ ಡೈಆಕ್ಸೈಡ್, ನೀರು. ಚಿಲ್ಲರೆಗೆ ಸಿಕ್ಕದ್ದೆಲ್ಲ ಬಿಸಿಯಾಗಿ ಹೋಗುತ್ತೆ. ಹುಳಿ ಮುಗಿದ ಮೇಲೆ ಹುಳಿಗೆ ಹೆದರ್ತಿದ್ದ ಉಳಿದ ಬ್ಯಾಕ್ಟೀರಿಯಾನೂ ನುಗ್ತವೆ, ಬೂಷ್ಟೂ ಬರುತ್ತೆ."

ಜೀವನವೆಲ್ಲ ಲಾಭ ಲೆಕ್ಕ ಹಾಕಿದವಳು ನಾನು. ಎರಡು ಎಲ್ಲಿ, ಮೂವತ್ತು ಎಲ್ಲಿ. ನಾನಾಗಿದ್ದರೂ ಗಾಳಿ ಬಂದ ದಿನ ಅಂಗಡಿ ದೊಡ್ಡದು ಮಾಡುತ್ತಿದ್ದೆ ಅನ್ನಿಸಿತು. ಆದರೆ ನನ್ನ ಅಂಗೈಗೆ ಚುರುಕು ಮುಟ್ಟಿಸಿದ್ದು ದೊಡ್ಡವ್ವನ ಹಸುಗಳ ಹಾಲು. ಕೆಚ್ಚಲಿಗೆ ಹೋಗಬೇಕಾದದ್ದು ಆವಿಯಾಗಿ ಹೋಗುತ್ತಿತ್ತು. ಆ ಬಾಗಿಲನ್ನು ಕುಡುಗೋಲು ಹಿಡಿದು ಕೊಯ್ದು ಕೊಟ್ಟವಳು ನಾನು.

ದೊಡ್ಡವ್ವ ಎಲ್ಲ ಕೇಳಿಸಿಕೊಂಡು ನಿಂತಿದ್ದರು. "ಅಂಗಾರೆ ನನ್ನ ಅಸಗಿಂತ ಮುಂಚೆ ಅವೇ ಉಂಡ್ಬುಟ್ವಾ? ಒಂದ್ ತೊಟ್ಟು ಹಾಲು ಕೊಡ್ದಂಗೆ?"

"ಹೌದಮ್ಮ. ಉಳಿದದ್ದನ್ನ ಗಬ್ಬದ ಹಸುಗೆ ಹಾಕಲೇಬೇಡಿ. ಗಬ್ಬ ನಿಲ್ಲದೆ ಕಂದು ಹಾಕ್ಬಿಡಬಹುದು."

ದೊಡ್ಡವ್ವ ಸೆರಗಿನಲ್ಲಿ ಬಾಯಿ ಒತ್ತಿಕೊಂಡು ಕೊಟ್ಟಿಗೆಯತ್ತ ಹೊರಟರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಚೌಕಾಸಿಗೆ ಒಂದು ಹಿಡಿಕೆ ಸಿಗುತ್ತಿತ್ತು.

ಡಾಕ್ಟರು ಇಡೀ ಗುಂಡಿ ಪರೀಕ್ಷೆ ಮಾಡಿದರು. ಕೊಟ್ಟಿಗೆ ಕಡೆಯದು ಹತ್ತಿರ ಹತ್ತಿರ ಪೂರ್ತಿ ಗೊಬ್ಬರದ ಪಾಲು. ರಸ್ತೆ ಕಡೆಯದು, ಅಂದರೆ ನನ್ನದು, ತಣ್ಣಗಿತ್ತು, ಕಾಗದದ ಬಣ್ಣವೂ ಹುಳಿ ಗಟ್ಟಿಯಾಗಿದೆ ಅಂತ ಹೇಳಿತು. ಆದರೆ ಬಿಸಿ ಅತ್ತ ಸರಿಯುತ್ತಿದೆ, ಇವತ್ತೇ ಕಡಿದು ಬೇರೆ ಮಾಡಿ ಅಂದರು. ಗುಂಡಿಯನ್ನು ನಂಬಬೇಡಿ, ಒಳಗೆ ಪ್ಲಾಸ್ಟಿಕ್ ಇರುವ ಚೀಲಕ್ಕೆ ತುಳಿದು ತುಂಬಿ, ಗಾಳಿ ಹಿಂಡಿ ಬಾಯಿ ಕಟ್ಟಿ. ಬಿಚ್ಚಿದ ಚೀಲ ಅದೇ ಹೊತ್ತು ಖಾಲಿಯಾಗಬೇಕು. ಇಷ್ಟು ಹೇಳಿ ಹೋದರು.

ಅವರ ಕಾರು ತಿರುವು ದಾಟುವ ಮುಂಚೆಯೇ ಚನ್ನರಾಯಪಟ್ಟಣದ ದಲ್ಲಾಳಿಯ ಟೆಂಪೋ ಬಂತು. ಸುದ್ದಿ ಹೇಗೆ ಮುಟ್ಟಿತೋ.

"ಅಕ್ಕೋ, ರಸ್ತೆ ಕಡೇದು ಚೆನ್ನಾಗೈತಂತಲ್ಲ. ಇವತ್ತೇ ಎತ್ಬುಡ್ತೀನಿ, ನೀನ್ ಹೇಳಿದ್ದೇ ರೇಟು. ಬಿಸೀದೂ ಕೊಡು. ಒಣಗ್ಸಿ, ಬೆರ್ಸಿ, ಎಲ್ಲಾದ್ರೂ ದಾಟುಸ್ತೀನಿ."

ತಮ್ಮ ನನ್ನನ್ನು ಪಕ್ಕಕ್ಕೆ ಕರೆದ. "ಅಕ್ಕ, ಮಾತು ಏನಾಗಿತ್ತು? ರಸ್ತೆ ಕಡೇದು ನಮ್ದು, ಕೊಟ್ಗೆ ಕಡೇದು ಅವ್ರುದ್ದು. ಅವ್ರೇ ಹೇಳಿದ್ದು, ನಾವಲ್ಲ. ನ್ಯಾಯ ನಮ್ ಕಡೆಗೈತೆ."

ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನನ್ನ ಜೀವನದಲ್ಲಿ ಮಾತಿನ ಪ್ರಕಾರ ಬಂದ ಪಾಲನ್ನು ನಾನು ಯಾವತ್ತೂ ಬಿಟ್ಟವಳಲ್ಲ, ಬಿಡಬೇಡಿ ಅಂತಲೇ ಎಲ್ಲರಿಗೂ ಹೇಳುತ್ತೇನೆ. ದೊಡ್ಡವ್ವ ಕೊಟ್ಟಿಗೆ ಬಾಗಿಲಲ್ಲಿ ನಿಂತು ಆ ಕೆಂದ ಹಸುವಿನ ಹೊಟ್ಟೆ ಮೇಲೆ ಕೈಯಾಡಿಸುತ್ತಿದ್ದರು. ಕಿಟಕಿಗಳೆಲ್ಲ ಅವರ ಪಾಲಿನ ಮೇಲಿದ್ದವು, ಒಂದಕ್ಕೂ ನಾನು ಅವರನ್ನು ಕೇಳಿರಲಿಲ್ಲ. ನನ್ನ ಅರ್ಧ ಮಾರಲು ಅವರ ಅರ್ಧ ಕೊಯ್ದು ತೋರಿಸಿದ್ದೆ. ಹಾಗಾದರೆ ಕೆಟ್ಟದ್ದು ಯಾರ ಅರ್ಧ? ಲೆಕ್ಕ ಕೂಡಿಸಿ ಕಳೆದು ನೋಡಿದೆ, ಹೇಗೆ ಹಾಕಿದರೂ ಉತ್ತರ ಒಂದೇ ಬಂತು.

ದಲ್ಲಾಳಿಗೆ ಹೇಳಿದೆ: "ಟೆಂಪೋ ತಿರುಗಿಸ್ಕೋಪ್ಪ. ತಣ್ಣಗಿರೋದು ದೊಡ್ಡವ್ವಂದು. ಬಿಸೀದು ನಂದು, ಅದು ಗೊಬ್ಬರಕ್ಕೆ."

"ತಲೆ ಕೆಟ್ಟೈತಾ ಅಕ್ಕ ನಿಂಗೆ?"

"ಮೇವು ಕೆಟ್ಟೈತೆ. ತಲೆ ಈಗ ನೆಟ್ಟಗೈತೆ. ಹೊರಡು."

ತಮ್ಮ ನೆಲ ನೋಡಿಕೊಂಡು ಗೊಣಗಿದ, ಆದರೆ ಚೀಲ ತರಲು ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದವನೂ ಅವನೇ. ಅಕ್ಕಪಕ್ಕದ ಮನೆಯವರು ಮುಯ್ಯಾಳಾಗಿ ಬಂದರು. ಅವರ ಮನೆ ಕೆಲಸಕ್ಕೆ ದೊಡ್ಡವ್ವ ಹೋಗುವುದು, ಇವರ ಕೆಲಸಕ್ಕೆ ಅವರು ಬರುವುದು, ಅದು ಮೊದಲಿಂದ ಇದ್ದದ್ದೇ. ಬಿಸಿ ಭಾಗಕ್ಕೂ ತಣ್ಣನೆ ಭಾಗಕ್ಕೂ ನಡುವೆ ಗೋಡೆ ಕಡಿದಂತೆ ನೇರ ಕಡಿದೆವು. ಬೆಚ್ಚಗೆ ಅನ್ನಿಸಿದ್ದನ್ನೆಲ್ಲ ಮುಲಾಜಿಲ್ಲದೆ ಗೊಬ್ಬರದ ಕಡೆ ಎಸೆದೆವು. ತಣ್ಣನೆ ಭಾಗದ ಕಡಿದ ಮೈಗೆ ಒದ್ದೆ ಗೋಣಿ, ಅದರ ಮೇಲೆ ಪ್ಲಾಸ್ಟಿಕ್ ಬಿಗಿದು, ಒಂದು ಮಂಕರಿ ಬುಟ್ಟಿಯ ಅಗಲ ಮಾತ್ರ ಬಿಚ್ಚಿ, ತುಂಬಿ, ಮತ್ತೆ ಮುಚ್ಚಿ, ಹಾಗೆ ಮುಂದುವರಿದೆವು. ಒಬ್ಬರು ಚೀಲದೊಳಗೆ ಇಳಿದು ತುಳಿಯುವುದು, ಒಬ್ಬರು ಹಿಂಡುವುದು, ಒಬ್ಬರು ಬಾಯಿ ಮಡಿಸಿ ಬಿಗಿಯುವುದು. ಪಕ್ಕದ ಮನೆಯ ಸೊಸೆ ಚೀಲದಲ್ಲಿ ನಿಂತು "ದೊಡ್ಡವ್ವ, ನನ್ನೂ ಸೇರ್ಸಿ ಕಟ್ಬುಡು, ನಮ್ಮತ್ತೆ ಕಾಟ ತಪ್ತದೆ" ಅಂದಳು. ಅವಳತ್ತೆ ಅಲ್ಲೇ ದಾರ ಹಿಡಿದು ನಿಂತಿದ್ದಳು. ಅವತ್ತು ಮೊದಲ ಸಲ ದೊಡ್ಡವ್ವ ನಕ್ಕರು.

ಕತ್ತಲಾಗುವ ಮುಂಚೆ ಮುಗಿಯಿತು. ಮಾರನೆಯ ದಿನ ಬಂದು ಚೀಲದ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು. ಇನ್ನೊಂದು ಮುಟ್ಟಿದೆ, ಅದೂ ಬೆಚ್ಚಗೆ. ನನ್ನ ಅರ್ಧವೂ ಹೋಯಿತು, ಅವರ ಅರ್ಧವೂ ಹೋಯಿತು ಅಂದುಕೊಂಡೆ. ದೊಡ್ಡವ್ವ ಆಗಲೇ ಕುಡುಗೋಲು ತಂದಿದ್ದರು.

"ಒಂದ್ ಬಿಚ್ಚಿ ನೋಡ್ಬುಡಣ ಕಣವ್ವ. ಜೀವ ತಡೀತಿಲ್ಲ."

ನನ್ನ ಕೈಯೂ ಅದಕ್ಕೇ ಹಾತೊರೆಯುತ್ತಿತ್ತು. ಡಾಕ್ಟರಿಗೆ ಫೋನು ಹಚ್ಚಿದೆ.

"ತುಂಬೋವಾಗ ಒಳಗೆ ಒಂದಿಷ್ಟು ಗಾಳಿ ಸಿಕ್ಕಿರುತ್ತೆ," ಅಂದರು. "ಅದು ಇರೋವರೆಗೂ ಅವು ಉರಿಸ್ತವೆ. ಮುಗಿದ ಮೇಲೆ ಉಸಿರು ಕಟ್ಟಿ ಸುಮ್ಮನಾಗ್ತವೆ. ಬಿಚ್ಚಿದ್ರೆ ಮತ್ತೆ ಊಟ ಬಡಿಸಿದಂಗೆ. ಮುಟ್ಟಿ ನೋಡಿ, ಬಿಚ್ಚಬೇಡಿ."

ಕುಡುಗೋಲನ್ನು ದೊಡ್ಡವ್ವನ ಕೈಯಿಂದ ಇಸಿದುಕೊಂಡು ಸೂರಿಗೆ ಸಿಕ್ಕಿಸಿದೆ. ಅಷ್ಟು ವರ್ಷ ವ್ಯಾಪಾರ ಮಾಡಿದ್ದೇನೆ, ನೋಡದೆ ನಂಬುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು. ಆ ವಾರವೆಲ್ಲ ದೊಡ್ಡವ್ವ ಅವರಿವರ ಹತ್ತಿರ ಒಣಹುಲ್ಲು ಕೈಬದಲು ತಂದು ಹಸುಗಳನ್ನು ತಡೆದರು, ಹಾಲು ಇಳಿಯಿತು. ನಾನು ದಿನಾ ಹೋಗಿ ಚೀಲಗಳನ್ನು ಮಕ್ಕಳ ಹಣೆ ಮುಟ್ಟಿದ ಹಾಗೆ ಮುಟ್ಟಿ ಬರುತ್ತಿದ್ದೆ. ಮೊದಲು ಬೆಚ್ಚಗೆ, ಆಮೇಲೆ ಉಗುರುಬೆಚ್ಚಗೆ. ಒಂದು ದಿನ ಪೂರ್ತಿ ತಣ್ಣಗೆ. ಎರಡು ಚೀಲ ಮಾತ್ರ ಬಿಸಿಯಾಗೇ ಉಳಿದವು. ತಿರುಗಿಸಿ ನೋಡಿದರೆ ತಳದಲ್ಲಿ ಇಲಿ ಕಡಿದ ತೂತು.

ಆಗ ಒಂದು ಚೀಲ ಬಿಚ್ಚಿದೆವು. ಮೊದಲ ದಿನ ದಲ್ಲಾಳಿಗೆ ತೋರಿಸಿದ್ದೆನಲ್ಲ, ಅದೇ ಬಣ್ಣ, ಅದೇ ವಾಸನೆ. ದೊಡ್ಡವ್ವ ಒಂದು ಮಂಕರಿ ಒಯ್ದು ಕೆಂದ ಹಸುವಿನ ಮುಂದೆ ಸುರಿದರು. ಅದು ಮೂಗಿಟ್ಟಿತು, ಒಮ್ಮೆ ಉಸಿರು ಬಿಟ್ಟಿತು, ಆಮೇಲೆ ಗೋದಲಿ ತಳ ಕಾಣುವವರೆಗೆ ತಲೆಯೆತ್ತಲಿಲ್ಲ. ಯುಗಾದಿ ಕಳೆದ ಮೇಲೆ ಅದು ಹೆಣ್ಣುಕರು ಹಾಕಿತು. ಗಿಣ್ಣು ಕಳಿಸಿದ್ದರು. ಅದರ ಜೊತೆ ಹೇಳಿ ಕಳಿಸಿದ ಮಾತು: "ಮುಂದ್ಲ ಸಲ ಗುಂಡಿ ಬ್ಯಾಡ, ಚೀಲವೇ ಆಗ್ಲಿ. ಪಾಲು ಅರ್ಧ ಅರ್ಧ ಅಲ್ಲ, ಮೂರ್ರಲ್ಲಿ ಎಲ್ಡು ನಂಗೆ." ಒಪ್ಪಿದೆ. ಸ್ವಲ್ಪ ಚೌಕಾಸಿ ಮಾಡಿಯೇ ಒಪ್ಪಿದೆ.

ಈಗ ನಿಮಗೆ ಹೇಳುವುದು. ಮೇವು ಕೊಚ್ಚುವಾಗ ಆತುರ ಬೇಡ, ತುಳಿಯುವಾಗ ಕನಿಕರ ಬೇಡ. ನಿಮ್ಮ ಹಸುಗಳು ಗುಂಡಿಯ ಅಗಲವನ್ನೆಲ್ಲ ದಿನಕ್ಕೆ ಒಂದು ಗೇಣಾದರೂ ತಿಂದು ಹಿಂದೆ ಸರಿಸುವಷ್ಟು ಇಲ್ಲದಿದ್ದರೆ ಗುಂಡಿಗೆ ಕೈ ಹಾಕಬೇಡಿ, ಚೀಲ ಮಾಡಿ. ಇಲಿ ಕಾಯಿರಿ. ಬಿಸಿಯಾದರೆ ಬಣವೆಯ ಬುದ್ಧಿ ಓಡಿಸಿ ಬಿಚ್ಚಿ ಹರಡಬೇಡಿ, ನೀರೂ ಸುರಿಯಬೇಡಿ. ಕೆಟ್ಟದ್ದನ್ನು ಕಡಿದು ಎಸೆಯಿರಿ, ಒಳ್ಳೆಯದನ್ನು ಉಸಿರು ಕಟ್ಟುವಂತೆ ಮುಚ್ಚಿರಿ.

ಕೊಳ್ಳುವವರಾದರೆ, ಬಿಚ್ಚಿ ತೋರಿಸು ಅಂತ ಹಟ ಹಿಡಿಯಬೇಡಿ. ನಿಮಗೆ ತೋರಿಸಿದ ಕಿಟಕಿಯಿಂದ ನಿಮಗಿಂತ ಮುಂಚೆ ಇನ್ಯಾರೋ ಊಟಕ್ಕೆ ಕೂರುತ್ತಾರೆ. ನನ್ನ ಹತ್ತಿರ ಈಗ ಬಂದವರಿಗೆ ಒಂದೇ ಮಾತು: ಒಂದು ಚೀಲ ಕೊಂಡು, ಮನೆಗೆ ಒಯ್ದು, ನಿಮ್ಮ ಹಸುವಿನ ಮುಂದೆ ಬಿಚ್ಚಿ, ಅದು ತಿಂದರೆ ಮಿಕ್ಕದ್ದಕ್ಕೆ ಬನ್ನಿ. ಅದಕ್ಕೂ ಮುಂಚೆ, ಬೆಳಗಿನ ತಂಪು ಹೊತ್ತಿನಲ್ಲಿ, ಕಟ್ಟಿದ ಚೀಲಕ್ಕೆ ಅಂಗೈ ಒತ್ತಿ ನಿಲ್ಲಿ. ತಣ್ಣಗಿದ್ದರೆ ಚೌಕಾಸಿ ಶುರು ಮಾಡಿ. ಬೆಚ್ಚಗಿದ್ದರೆ, ಮಾರುತ್ತಿರುವವಳು ನಾನೇ ಆಗಿದ್ದರೂ, ಕೊಳ್ಳಬೇಡಿ.